ಗಾಳಿಗುಡ್ಡದ ಮನೆ ಮತ್ತು ನಾನೂರು ಕುರಿ

ಗಾಳಿಗುಡ್ಡದ ನೆತ್ತಿಯ ಮೇಲೆ ಮಠದ್ದೊಂದು ಹಳೆಯ ಕಲ್ಲುಮನೆ. ಬಿದ್ದು ಹಾಳಾಗಿದ್ದ ಅದನ್ನು ಎತ್ತಿ ನಿಲ್ಲಿಸಿದವನು ಯಮನೂರಪ್ಪ. ಹಾಗೆಂದು ಸುತ್ತ ಏಳು ಹಳ್ಳಿಗೂ ಅವನೇ ಹೇಳಿ ಬಂದಿದ್ದ.

ಸುಳ್ಳೇನಲ್ಲ. ಹದಿನಾಲ್ಕು ತಿಂಗಳು ಅವನು ಗುಡ್ಡ ಇಳಿದದ್ದು ಸಾಮಾನು ಹೊತ್ತು ತರಲಿಕ್ಕೆ ಮಾತ್ರ. ಇಬ್ಬರು ಗೌಂಡಿಗಳು ಬಂದರು, ಅವನ ಬಾಯಿ ತಾಳಲಾರದೆ ಇಳಿದು ಹೋದರು. ಮಿಕ್ಕಿದ್ದನ್ನು ಅವನೊಬ್ಬನೇ ಮಾಡಿದ. ಗೆದ್ದಲು ತಿಂದ ತೊಲೆ ಇಳಿಸಿ ಸಾಗವಾನಿಯ ತೊಲೆ ಏರಿಸಿದ. ಮಣ್ಣಿನ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿ, ಬಗ್ಗಿದರೆ ಮುಖ ಕಾಣುವಂತೆ ತಿಕ್ಕಿದ. ಬಾಗಿಲ ಮುಂದೆ ಹುಲ್ಲು ಹೊದಿಸಿದ ಚಪ್ಪರ. ಸುತ್ತ ನಾಲ್ಕು ಎಕರೆಗೆ ತಂತಿ ಬೇಲಿ, ಬೇಲಿಗೊಂದು ಕಬ್ಬಿಣದ ಗೇಟು, ಗೇಟಿಗೆ ಅಂಗೈ ಅಗಲದ ಬೀಗ.

ಶಿವರಾತ್ರಿ ಮುಗಿದ ವಾರಕ್ಕೆ ಅವನ ಗುರು ಕೆಳಗಿನ ಮಠ ಬಿಟ್ಟು ಈ ಮನೆಯಲ್ಲಿ ಇರಲು ಬಂದರು. ಕಾಶವ್ವ ಅವರ ಹೆಸರು. ಕರೆಯುವವರೆಲ್ಲ ಅವ್ವಾರು ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಜೀವ, ಗುಡ್ಡ ಹತ್ತಲು ಒಂದು ಮುಂಜಾನೆ ಪೂರ್ತಿ ತೆಗೆದುಕೊಂಡಿತು.

ಅವರು ತಂದದ್ದು ಒಂದು ಕೌದಿ, ಒಂದು ತಂಬಿಗೆ, ಬಿದಿರಿನ ಬುಟ್ಟಿಯಲ್ಲಿ ಕರಿ ಉಣ್ಣೆಯ ನೂಲು, ಎರಡು ಹೆಣಿಗೆ ಕಡ್ಡಿ. ಹರೆಯದಲ್ಲಿ ಕ್ಷಯ ಹಿಡಿದು ದವಾಖಾನೆಯಲ್ಲಿ ಮಲಗಿದ್ದಾಗ ನರ್ಸಬಾಯಿಯೊಬ್ಬಳು ಹೆಣೆಯುವುದನ್ನು ಕಲಿಸಿದ್ದಳಂತೆ. ಅಂದಿನಿಂದ ಕೈ ನಿಂತಿರಲಿಲ್ಲ. ಚಳಿಗಾಲಕ್ಕೆ ಗುಡ್ಡದ ಸುತ್ತಿನ ದನಗಾಹಿ ಕುರಿಗಾಹಿಗಳ ತಲೆಯ ಮೇಲೆಲ್ಲ ಅವ್ವಾರ ಟೊಪ್ಪಿಗೆಯೇ.

ಯಮನೂರಪ್ಪ ಮನೆ ತೋರಿಸಿದ. ತೊಲೆ ಬಡಿದು ಸದ್ದು ಕೇಳಿಸಿದ. ನೆಲಕ್ಕೆ ತಂಬಿಗೆ ನೀರು ಸುರಿದು ಅದು ಹೇಗೆ ಸರ್ರನೆ ಮೋರಿಗೆ ಓಡುತ್ತದೆಂದು ತೋರಿಸಿದ. ಅವ್ವಾರು ಎಲ್ಲವನ್ನೂ ನೋಡಿದರು. ಹೊಸ್ತಿಲ ಬಳಿ ಕೌದಿ ಹಾಸಿ ಕುಳಿತು ಕಡ್ಡಿ ಕೈಗೆತ್ತಿಕೊಂಡರು.

“ಮಾಳಪ್ಪ ಎಲ್ಲಿ?” ಎಂದರು.

ಮಾಳಪ್ಪ ಕುರುಬ. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ನಾನೂರು ಕುರಿ ಹೊಡೆದುಕೊಂಡು ಗುಡ್ಡ ಹತ್ತುತ್ತಿದ್ದ. ಅವನ ಅಪ್ಪನೂ ಹತ್ತಿದ್ದ, ಅಜ್ಜನೂ ಹತ್ತಿದ್ದ. ಹಗಲು ಕುರಿ ಮನೆಯ ಸುತ್ತ ಮೇಯುವವು, ಹೊತ್ತು ಮುಳುಗಿದರೆ ಪಾಳುಗೋಡೆಯ ನಡುವೆ ಮಲಗುವವು. ಹೋದ ವರ್ಷ, ಕಲ್ಲು ಹಾಸುವಾಗ, ಯಮನೂರಪ್ಪ ಗೇಟಿಗೆ ಅಡ್ಡ ನಿಂತು ಅವನನ್ನು ತಿರುಗಿಸಿ ಕಳಿಸಿದ್ದ. ಈ ವರ್ಷ ಮಾಳಪ್ಪ ಗುಡ್ಡದ ಕಡೆ ತಲೆ ಹಾಕಿರಲಿಲ್ಲ.

ಅದನ್ನು ಯಮನೂರಪ್ಪ ಎದೆ ಉಬ್ಬಿಸಿಯೇ ಹೇಳಿದ.

“ಹೊರಗ ಹಾಕೇನ್ರಿ ಅವ್ವಾರ. ಇಷ್ಟು ದಿನ ಕುರಿ ಮನಿ ಆಗಿತ್ತು. ಇನ್ನ ಮನಷ್ಯಾರ ಮನಿ.”

“ಹೂಂ” ಎಂದರು ಅವ್ವಾರು. ಕಡ್ಡಿಯ ಮೇಲಿನ ಕುಣಿಕೆ ಎಣಿಸಿದರು.

ಒಂದು ವಾರ ಕಳೆಯಿತು. ಮನೆ ಚೆನ್ನಾಗಿದೆ ಎಂಬ ಒಂದು ಮಾತು ಬರಲಿಲ್ಲ. ಅವ್ವಾರು ಒಲೆಯ ಜಾಗ ಬದಲಿಸಿದರು, ಗಾಳಿ ಬರುವ ಕಡೆ ನೀರಿನ ಗಡಿಗೆ ಇಟ್ಟರು, ಮಧ್ಯಾಹ್ನ ನೆರಳು ಎಲ್ಲಿ ಬೀಳುತ್ತದೆಂದು ನೋಡಿ ಕೌದಿ ಸರಿಸಿದರು. ಹೊಸ ಮನೆಗೆ ಬೆಕ್ಕು ಹೊಂದಿಕೊಂಡ ಹಾಗೆ ಹೊಂದಿಕೊಂಡರು. ಆದರೆ ಮನೆ ಕಟ್ಟಿದವನನ್ನು ಹೊಗಳಲಿಲ್ಲ.

ಯಮನೂರಪ್ಪನಿಗೆ ಊಟ ಸೇರದಾಯಿತು.

ಒಂದು ದಿನ ಬಾಯಿಬಿಟ್ಟ. ಹೆಣಿಗೆ ಹೆಂಗಸರ ಹೊತ್ತು ಕಳೆಯುವ ಕೆಲಸ, ಗಂಡಸಿನ ಕೈಗೆ ಅದು ಒಂದು ಗಳಿಗೆಯ ಆಟ, ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿ ಜೋಡಿಸಿದ ಕೈ ಇದು, ಎಂದೆಲ್ಲ ಹೇಳಿದ. ಅವ್ವಾರು ಕಡ್ಡಿ ಅವನ ಮುಂದೆ ಚಾಚಿದರು. ಹೇಗೆ ಹಾಕುವುದು, ಹೇಗೆ ಎಳೆಯುವುದು, ಎರಡು ಸಲ ತೋರಿಸಿದರು.

ಅವನು ಹಲ್ಲು ಕಚ್ಚಿ ಹೆಣೆದ. ಒಂದೊಂದು ಕುಣಿಕೆಯನ್ನೂ ಎತ್ತಿನ ಹಗ್ಗ ಜಗ್ಗಿದಂತೆ ಜಗ್ಗಿದ. ಸಂಜೆಯ ಹೊತ್ತಿಗೆ ಕೈಯಲ್ಲೊಂದು ಟೊಪ್ಪಿಗೆ ಇತ್ತು. ಕುಟ್ಟಿದರೆ ಟಕ್ ಎನ್ನುತ್ತಿತ್ತು.

ಅವ್ವಾರು ಅದನ್ನು ಅಗಲಿಸಲು ನೋಡಿದರು. ಒಂದು ನೂಲೆಳೆಯಷ್ಟೂ ಅಗಲಲಿಲ್ಲ.

“ಗಟ್ಟಿ ಐತ್ರಿ. ನೂರು ವರ್ಷ ಬಾಳಿಕಿ ಬರ್ತೈತಿ.”

“ಬರ್ತೈತಿ. ಯಾರ ತಲಿಗೂ ಹೋಗೋದಿಲ್ಲಲ್ಲ, ಸವೆಯೂದರ ಹ್ಯಾಂಗ?”

ಅವನು ಮುಖ ಊದಿಸಿಕೊಂಡು ನೀರು ತರಲು ಒರತೆಗೆ ಹೋದ.

ಮರುದಿನ ಮಧ್ಯಾಹ್ನ ಮೂಡಲ ದಿಕ್ಕಿನ ಮೂರನೆಯ ಗುಡ್ಡದ ಹಿಂದೆ ಹೊಗೆ ಎದ್ದಿತು. ಮೊದಲು ಒಂದು ಎಳೆ. ಆಮೇಲೆ ಒಂದು ಗೋಡೆ.

ಸಂಜೆಗೆ ಅರಣ್ಯದ ವಾಚರನೊಬ್ಬ ಓಡುತ್ತ ಬಂದ. ಅವರ ಮಂದಿಯೆಲ್ಲ ಆಚೆ ಊರಿನ ಕಡೆ ಬೆಂಕಿ ಇಳಿಯದಂತೆ ನೋಡುತ್ತಿದ್ದರು, ಈ ಕಡೆಗೆ ಕಳಿಸಲು ಒಬ್ಬನೂ ಉಳಿದಿರಲಿಲ್ಲ. ಗಾಳಿ ಹೀಗೇ ಬೀಸಿದರೆ ನಾಲ್ಕೈದು ದಿನಕ್ಕೆ ಬೆಂಕಿ ಗಾಳಿಗುಡ್ಡಕ್ಕೆ ಬರುತ್ತದೆ, ಇಳಿದುಬಿಡಿ ಎಂದ. ಹೋಗುವಾಗ ಬೇಲಿಯೊಳಗಿನ ಹುಲ್ಲು ನೋಡಿ ನಿಂತ. ಎರಡು ಮಳೆಗಾಲದ ಹುಲ್ಲು. ಯಾವ ಪ್ರಾಣಿಯೂ ಬಾಯಿ ಹಾಕಿರಲಿಲ್ಲ. ಸೊಂಟದ ಎತ್ತರಕ್ಕೆ ಬೆಳೆದು, ಒಣಗಿ, ಮನೆಯ ಗೋಡೆಗೇ ಒರಗಿ ನಿಂತಿತ್ತು.

“ಇದಕ್ಕ ಕಿಡಿನೂ ಬ್ಯಾಡಪ್ಪ. ಬಿಸಿ ಗಾಳಿ ಸಾಕು” ಎಂದು ಹೇಳಿ ಹೋದ.

ಯಮನೂರಪ್ಪನ ಕಣ್ಣು ತೊಲೆಯ ಮೇಲೆ ಹೋಯಿತು. ಹದಿನಾಲ್ಕು ತಿಂಗಳು.

ಅವ್ವಾರನ್ನು ಹೊತ್ತು ಕೆಳಗೆ ಬಿಟ್ಟು ಬರುತ್ತೇನೆ, ನನ್ನ ಹೆಗಲಿಗೆ ನೀವು ಒಂದು ಹತ್ತಿಯ ಚೀಲ ಅಷ್ಟೇ ಎಂದ. ಹತ್ತಿ ಬಂದ ಮೊಣಕಾಲು ಇನ್ನೂ ನೋಯುತ್ತಿದೆ, ಇಳಿಯುವ ದಿನ ಬಂದರೆ ಹೇಳುತ್ತೇನೆ ಎಂದರು ಅವರು. ಸರಿ, ಹಾಗಾದರೆ ಹುಲ್ಲು ನಾನೊಬ್ಬನೇ ಕೊಯ್ಯುತ್ತೇನೆ, ಹತ್ತಾಳಿನ ಕೆಲಸ ಈ ಒಂದು ಕುಡುಗೋಲಿಗೆ ಸಾಕು ಎಂದ. ಅವರು ಬೇಡ ಎನ್ನಲಿಲ್ಲ.

ಮರುದಿನ ಕೋಳಿ ಕೂಗುವ ಮೊದಲೇ ಹುಲ್ಲಿಗೆ ಇಳಿದ. ಒಣಹುಲ್ಲು ಕುಡುಗೋಲಿಗೆ ಸಿಗದೆ ಜಾರಿತು. ಸಿಕ್ಕಿದ್ದು ಕೈ ಸೀಳಿತು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅಂಗೈಯಲ್ಲಿ ಐದು ಬೊಕ್ಕೆ ಎದ್ದು ಮೂರು ಒಡೆದಿದ್ದವು. ಹಿಂತಿರುಗಿ ನೋಡಿದ. ಕೊಯ್ದದ್ದು ಒಂದು ಕಣದಷ್ಟು. ಉಳಿದದ್ದು ನಾಲ್ಕು ಎಕರೆ.

ಹೊಗೆ ಎರಡನೆಯ ಗುಡ್ಡದ ಬೆನ್ನಿಗೆ ಬಂದಿತ್ತು.

ಹೊಸ್ತಿಲ ಬಳಿ ಬಂದು ಕುಸಿದು ಕುಳಿತ. ಅವ್ವಾರು ಹೆಣೆಯುತ್ತಿದ್ದರು.

“ಏನು ಮಾಡ್ಲಿರಿ ಅವ್ವಾರ?”

ಅವ್ವಾರು ಬುಟ್ಟಿಯನ್ನು ಅವನ ಕಡೆ ವಾಲಿಸಿ ತೋರಿಸಿದರು. ತಳದಲ್ಲಿ ಗೇಣುದ್ದದ ನೂಲು ಬಿದ್ದಿತ್ತು.

“ನೂಲು ಮುಗೀತು” ಎಂದರು.

ಅವನಿಗೆ ಸಿಟ್ಟು ಬಂತು. ಮನೆ ಸುಡುವ ಹೊತ್ತಿನಲ್ಲಿ ನೂಲಿನ ಮಾತೇ? ಆದರೂ ಗುರು. ತಡೆದುಕೊಂಡು, ಬೆಂಕಿ ಆರಲಿ, ಪೇಟೆಯಿಂದ ಬೇಕಾದ ಬಣ್ಣದ ನೂಲು ತರುತ್ತೇನೆ, ಕೆನ್ನೆಗೆ ಇಟ್ಟರೆ ಬೆಣ್ಣೆ ಇಟ್ಟಂತೆ ಇರುವ ನೂಲು ತರುತ್ತೇನೆ ಎಂದ.

“ಪ್ಯಾಟಿದು ಬ್ಯಾಡ. ಮಾಳಪ್ಪನ ಹೇಣ್ತಿ ನೂತದ್ದು ಬೇಕು.”

“ಅದು ಚುಚ್ಚತೈತ್ರಿ.”

“ಚುಚ್ಚತೈತಿ” ಎಂದು ಒಪ್ಪಿಕೊಂಡು ಅವ್ವಾರು ಹುಲ್ಲಿನ ಕಡೆ ನೋಡಿದರು. “ಆ ಕುರಿಗೆ ಏನು ತಿನಿಸ್ತಾನೋ ಯಾರಿಗೆ ಗೊತ್ತು.”

ಯಮನೂರಪ್ಪನೂ ಹುಲ್ಲಿನ ಕಡೆ ನೋಡಿದ.

ಬಹಳ ಹೊತ್ತು ನೋಡಿದ. ಅವನು ಹುಟ್ಟಿದಾಗಿನಿಂದ ಗಾಳಿಗುಡ್ಡ ನೋಡಿದವನು. ಮೂರು ಸಲ ಸುತ್ತಲ ಗುಡ್ಡವೆಲ್ಲ ಉರಿದದ್ದು ಅವನಿಗೆ ನೆನಪಿತ್ತು. ಆ ಮೂರು ಸಲವೂ ನೆತ್ತಿಯ ಪಾಳುಮನೆಗೆ ಬೆಂಕಿ ಮುಟ್ಟಿರಲಿಲ್ಲ. ದೇವರ ಮಹಿಮೆ ಎಂದು ಊರವರು ಕಾಯಿ ಒಡೆದಿದ್ದರು. ಅವನೂ ಪಾಲು ತಿಂದಿದ್ದ.

ಕುಡುಗೋಲು ಕೆಳಗಿಟ್ಟು ಎದ್ದ. ಗೇಟಿನ ಬೀಗ ತೆಗೆದು, ಬೀಗದ ಕೈ ಎಲ್ಲಿ ಬಿತ್ತೆಂದೂ ನೋಡದೆ ಗುಡ್ಡ ಇಳಿದ.

ಮಾಳಪ್ಪ ಕುರಿಗಳನ್ನು ಕೆಳಗೆ ಒಬ್ಬ ಗೌಡರ ಹೊಲದಲ್ಲಿ ತರುಬಿ ನಿಲ್ಲಿಸಿದ್ದ. ಸುಗ್ಗಿ ಆದ ಹೊಲದಲ್ಲಿ ಕುರಿ ತರುಬಿದರೆ ಹೊಲಕ್ಕೆ ಗೊಬ್ಬರ, ಕುರುಬನಿಗೆ ಜೋಳ. ಮಾಳಪ್ಪ ಕಂಬಳಿಯ ಮೇಲೆ ಕುಳಿತು ಕುಂಟು ಮರಿಯೊಂದರ ಕಾಲಿಗೆ ಅರಿಸಿನ ಹಚ್ಚುತ್ತಿದ್ದ. ಯಮನೂರಪ್ಪನನ್ನು ಕಂಡರೂ ಕಾಣದವನಂತೆ ಇದ್ದ.

ದಾರಿಯುದ್ದಕ್ಕೂ ಯಮನೂರಪ್ಪ ಮಾತು ಜೋಡಿಸಿಕೊಂಡು ಬಂದಿದ್ದ. ಗಂಟಲಿಗೆ ಬಂದದ್ದು ಬೇರೆ.

“ಅವ್ವಾರು ಕರದಾರ.”

“ಏನಂತ?”

“ನೂಲು ಮುಗದೈತಂತ.”

ಮಾಳಪ್ಪ ನಕ್ಕ. ಮಗ್ಗುಲಲ್ಲಿ ತಕಲಿ ತಿರುಗಿಸಿ ನೂಲು ತೆಗೆಯುತ್ತಿದ್ದ ಅವನ ಹೆಂಡತಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನೂಲಿನ ದೊಡ್ಡ ಉಂಡೆ ಕೊಡುತ್ತೇನೆ, ಒಯ್ಯಿ ಎಂದ ಮಾಳಪ್ಪ. ಯಮನೂರಪ್ಪ ನಿಂತೇ ಇದ್ದ.

“ಇನ್ನೇನು?”

“ಬೆಂಕಿ ಬರಾಕತ್ತೈತಿ.”

“ಕಾಣಾಕತ್ತೈತಿ ನನಗೂ. ಅವ್ವಾರ ಮಾತು ಮುಗೀತಲ್ಲ. ನಿಂದೇನೈತಿ ಹೇಳು.”

ಯಮನೂರಪ್ಪ ಒಡೆದ ಅಂಗೈ ನೋಡಿಕೊಂಡ. ಹುಟ್ಟಿದ ಮೇಲೆ ಆ ಮಾತನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. ಹೇಗೆ ಆಡುವುದೆಂದೂ ತಿಳಿಯಲಿಲ್ಲ. ಕಡೆಗೆ ನೆಲ ನೋಡುತ್ತ ಅಂದ.

“ನನ್ನ ಕೈಲೆ ಆಗವಲ್ದು ಕಾಕಾ.”

ಮಾಳಪ್ಪ ಮರಿಯ ಕಾಲಿಗೆ ಅರಿವೆ ಸುತ್ತಿ ಗಂಟು ಹಾಕಿದ. ಹಾಕಿ, ಅದನ್ನು ಯಮನೂರಪ್ಪನ ತೋಳಿಗೆ ಕೊಟ್ಟ.

“ಇದಕ್ಕ ಗುಡ್ಡ ಹತ್ತಾಕ ಆಗಂಗಿಲ್ಲ. ನೀ ಹೊತ್ಕೊ. ಹತ್ತಿಯ ಚೀಲ ಅಲ್ಲ, ಒದಿತೈತಿ, ಹುಷಾರು.”

ಅವ್ವಾರಿಗೆ ಆಡಿದ ಮಾತು ಮಾಳಪ್ಪನಿಗೆ ಹೇಗೆ ಗೊತ್ತೆಂದು ಯಮನೂರಪ್ಪ ಕೇಳಲಿಲ್ಲ. ಇದೇ ಮಾತನ್ನು ಹೋದ ವರ್ಷ ಯಾವುದೋ ಮೂಟೆ ಹೊರುವಾಗ, ಯಾವುದೋ ಊರಲ್ಲಿ ಅವನೇ ಕೊಚ್ಚಿಕೊಂಡಿರಬೇಕು.

ಬೆಳಕು ಹರಿಯುವಷ್ಟರಲ್ಲಿ ನಾನೂರು ಕುರಿ ಗೇಟಿನೊಳಗೆ ನುಗ್ಗಿದವು. ಮಾಳಪ್ಪ, ಅವನ ಹೆಂಡತಿ, ಅವನ ಇಬ್ಬರು ಅಳಿಯಂದಿರು ಮನೆಯ ಸುತ್ತ ಕುರಿಯನ್ನು ಗಾಣದೆತ್ತಿನಂತೆ ತಿರುಗಿಸಿದರು. ಒಣಹುಲ್ಲನ್ನು ಕುರಿ ಅಷ್ಟು ಇಷ್ಟಪಟ್ಟು ತಿನ್ನುವುದಿಲ್ಲ ಎಂದು ಯಮನೂರಪ್ಪ ಗಾಬರಿಯಾದ. ತಿನ್ನೋದು ಅರ್ಧ, ತುಳಿಯೋದು ಅರ್ಧ ಎಂದ ಮಾಳಪ್ಪ. ಹೌದು. ಹದಿನಾರು ನೂರು ಗೊರಸು ಹೋದಲ್ಲೆಲ್ಲ ಹುಲ್ಲು ಮುರಿದು, ಪುಡಿಯಾಗಿ, ಮಣ್ಣಲ್ಲಿ ಮಣ್ಣಾಯಿತು. ಮುರಿದ ಹುಲ್ಲನ್ನು ಯಮನೂರಪ್ಪ ಗುಡಿಸಿ ದೂರಕ್ಕೆ ಎಳೆದು ಹಾಕಿದ. ಎರಡು ಹಗಲು ಹೀಗೇ ನಡೆಯಿತು. ಎರಡನೆಯ ದಿನ ಸಂಜೆಗೆ ಮನೆಯ ಸುತ್ತ ಅರವತ್ತು ಹೆಜ್ಜೆ ಬೋಳು ನೆಲ ತೋರಿತು.

ಮೂರನೆಯ ದಿನ ಊಟದ ಹೊತ್ತಿಗೆ ಬೆಂಕಿ ಗಾಳಿಗುಡ್ಡದ ಬುಡಕ್ಕೆ ಬಂತು.

ಮಾಳಪ್ಪ ದೊಡ್ಡ ಕುರಿಗಳನ್ನು ಅಳಿಯಂದಿರ ಜೊತೆ ಪಡುವಣ ಇಳಿಜಾರಿಗೆ ಹೊಡೆಸಿದ. ಉಳಿದವು ಗಬ್ಬದ ಕುರಿ, ಹಾಲು ಕುಡಿಯುವ ಮರಿ. ಅವು ಓಡಲಾರವು. ಮಾಳಪ್ಪ ಬಾಗಿಲ ಮುಂದೆ ಅವುಗಳನ್ನು ಒಟ್ಟುಗೂಡಿಸಿ, ಯಮನೂರಪ್ಪನ ಮುಖ ನೋಡಿ ನಿಂತ.

ಬಾಗಿಲು ಹಾಕಿತ್ತು. ಒಳಗೆ ಮುಖ ಕಾಣುವ ಶಹಾಬಾದ್ ಕಲ್ಲು.

ಯಮನೂರಪ್ಪ ಎರಡೂ ಕದ ತೆರೆದು, ಹೊಸ್ತಿಲು ದಾಟಲು ಹೆದರಿದ ಮೊದಲನೆಯ ಕುರಿಯನ್ನು ತಾನೇ ಕಿವಿ ಹಿಡಿದು ಒಳಗೆಳೆದ. ಮಿಕ್ಕವು ಅದರ ಬೆನ್ನು ಹತ್ತಿದವು. ನುಣ್ಣನೆಯ ಕಲ್ಲಿನ ಮೇಲೆ ಕಾಲು ಜಾರಿ ಒಂದರ ಮೇಲೊಂದು ಬಿದ್ದವು. ಹೆದರಿ ನೆಲದ ತುಂಬ ಹಿಕ್ಕೆ ಉದುರಿಸಿದವು. ನಡುವೆ ಅವ್ವಾರು ಗೋಡೆಗೊರಗಿ ಕುಳಿತು, ಮಾಳಪ್ಪನ ಹೆಂಡತಿ ತಂದ ನೂಲಿನ ಮೊದಲ ಸಾಲು ಹಾಕುತ್ತಿದ್ದರು.

ಹೊರಗೆ ಉಳಿದವರು ಮೂವರು. ಯಮನೂರಪ್ಪ, ಮಾಳಪ್ಪ, ಮಾಳಪ್ಪನ ಹೆಂಡತಿ. ಕೈಯಲ್ಲಿ ಹಸಿ ಟೊಂಗೆ, ಮೈಮೇಲೆ ನೆನೆಸಿದ ಕಂಬಳಿ.

ಬೆಂಕಿ ನಡೆದು ಬರುವುದಿಲ್ಲ, ಹಾರಿ ಬರುತ್ತದೆ. ಬೇಲಿಯ ಆಚೆ ಮನೆಯೆತ್ತರ ಎದ್ದಿತು. ಬೇಲಿ ದಾಟಿ ನಾಲ್ಕು ಹೆಜ್ಜೆ ಬಂತು. ಬೋಳು ನೆಲ ಸಿಕ್ಕಿತು. ಅಂಚಿನುದ್ದಕ್ಕೂ ನಾಲಿಗೆ ಚಾಚಿತು, ತಿನ್ನಲು ಏನೂ ಸಿಗದೆ ಎರಡು ಕಡೆಗೆ ಒಡೆದು ಕಣಿವೆಯ ಕಡೆ ಇಳಿಯಿತು. ಕಿಡಿಗಳು ಮಾತ್ರ ತಲೆಯ ಮೇಲೆ ಹಾರಿ ಬಂದವು. ಬಿದ್ದಲ್ಲೆಲ್ಲ ಬಡಿದರು. ಒಂದು ಕಿಡಿ ಚಪ್ಪರದ ಹುಲ್ಲಿಗೆ ಕೂತಿತು. ಅಲ್ಲಿಂದ ತೊಲೆಗೆ ಒಂದು ಮೊಳ.

ಯಮನೂರಪ್ಪನಿಗೆ ಆ ಚಪ್ಪರ ಹೊದಿಸಲು ಇಪ್ಪತ್ತು ದಿನ ಹಿಡಿದಿತ್ತು. ಕಂಬಕ್ಕೆ ಹೆಗಲು ಕೊಟ್ಟು ತಾನೇ ಕೆಡವಿದ. ಮಾಳಪ್ಪ ಕೋಲಿನ ಕೊಕ್ಕೆ ಹಾಕಿ ಅಂಗಳಕ್ಕೆ ಎಳೆದ. ಅಲ್ಲೇ ಅದು ಉರಿದು ಬೂದಿಯಾಯಿತು.

ಗಂಜಿ ಕುದಿಯುವಷ್ಟು ಹೊತ್ತು. ಅಷ್ಟರಲ್ಲಿ ಮುಗಿದಿತ್ತು.

ಮರುದಿನ ಮುಂಜಾನೆ ಗುಡ್ಡ ಹಂಚಿನ ತಳದಂತೆ ಕರ್ರಗಿತ್ತು. ನಡುವೆ ಅರವತ್ತು ಹೆಜ್ಜೆಯ ಕೆಂಪು ಮಣ್ಣು, ಅದರ ನಡುವೆ ಮನೆ. ಗೋಡೆಗೆ ಮಸಿ ಹತ್ತಿತ್ತು. ತೊಲೆ ನೆಟ್ಟಗಿತ್ತು. ದೊಡ್ಡ ಕುರಿಗಳು ಆಗಲೇ ತಿರುಗಿ ಬಂದು ಅಂಗಳದಲ್ಲಿ ನಿಂತು, ಒಳಗಿದ್ದ ಮರಿಗಳನ್ನು ಕೂಗಿ ಕರೆಯುತ್ತಿದ್ದವು. ಮಾಳಪ್ಪ ಬೂದಿಯ ಮಗ್ಗುಲಲ್ಲೇ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದ.

ಯಮನೂರಪ್ಪ ಕಣ್ಣು ಮುಚ್ಚಿರಲಿಲ್ಲ. ನೆಲ ತೊಳೆಯಲಿಲ್ಲ. ಬೇಲಿಯ ತಂತಿಯನ್ನು ಸುತ್ತಿ ಸುತ್ತಿ ಒಂದು ಮೂಲೆಗೆ ಒಗೆದಿದ್ದ. ಈಗ ಅವನ ತಲೆಯಲ್ಲಿ ದೊಡ್ಡದೊಂದು ಯೋಚನೆ ಇತ್ತು. ಅವ್ವಾರ ಮುಂದೆ ಬಂದು ಮಂಡಿಯೂರಿ ಕುಳಿತ. ಹುಬ್ಬು ಸುಟ್ಟಿತ್ತು, ಮುಖ ಮಸಿ, ಹಲ್ಲು ಮಾತ್ರ ಬೆಳ್ಳಗೆ.

ತಪ್ಪಾಯಿತು ಎಂದ. ಇಂಥ ತಪ್ಪು ಈ ಸೀಮೆಯಲ್ಲಿ ತನ್ನಷ್ಟು ದೊಡ್ಡದಾಗಿ ಯಾರೂ ಮಾಡಿಲ್ಲ ಎಂದೂ ಸೇರಿಸಿದ. ಇದನ್ನು ಮುಂದಿನವರು ಮರೆಯಬಾರದು. ಅದಕ್ಕೆ ಒಂದು ಕಲ್ಲು ಕೆತ್ತಿಸುತ್ತೇನೆ, ಬಾಗಿಲ ಮೇಲೆ ಕೂರಿಸುತ್ತೇನೆ, ಊರಿಂದ ಬರುವವರಿಗೆ ಗುಡ್ಡದ ಬುಡದಿಂದಲೇ ಕಾಣಬೇಕು ಎಂದು ತೋಳು ಚಾಚಿ ಅಳತೆ ತೋರಿಸಿದ.

“ಏನು ಬರಸ್ತಿ?”

“ಈ ಮನಿ ಉಳಿಸಿದವ್ರು ಮಾಳಪ್ಪ ಮತ್ತು ಅವನ ನಾನೂರು ಕುರಿ.”

“ಅಷ್ಟ?”

ಯಮನೂರಪ್ಪ ಮಸಿ ಹತ್ತಿದ ಕತ್ತು ಕೆರೆದುಕೊಂಡ.

“ಕೆಳಗ, ಸಣ್ಣ ಅಕ್ಷರದಾಗ, ಕರಕೊಂಡು ಬಂದವ ಯಮನೂರಪ್ಪ.”

ಅವ್ವಾರು ಸಾಲು ಮುಗಿಸಿದರು. ಕಡ್ಡಿ ಮಡಿಲಲ್ಲಿಟ್ಟು ಅಂಗಳದ ಕಡೆ ನೋಡಿದರು. ನಿನ್ನೆ ಕಂಬಳಿ ನೆನೆಸಲು ಗಡಿಗೆಗಳೆಲ್ಲ ಬರಿದಾಗಿದ್ದವು. ಕುರಿಗಳು ನಾಲಿಗೆ ಹೊರಗೆ ಹಾಕಿ, ಒಣಗಿದ ಗಡಿಗೆಯ ಬಾಯಿ ನೆಕ್ಕುತ್ತಿದ್ದವು.

“ಕುರಿಗೆ ಓದಾಕ ಬರಂಗಿಲ್ಲ ತಮ್ಮಾ. ನೀರು ತಾ.”